ಖಾರದ ಗಿರಣಿಯ ಜಾವಾಸ್ಕ್ರಿಪ್ಟ್

ಹಾವೇರಿಯಲ್ಲಿ ನಾನು ಪಾಠ ಹೇಳುವ ಕಂಪ್ಯೂಟರ್ ಕ್ಲಾಸಿನಲ್ಲಿ ಮೊನ್ನೆ ಒಬ್ಬ ಹುಡುಗಿ ಒಂಬತ್ತಕ್ಕೆ ಒಂದು ಕೂಡಿಸಿ ತೊಂಬತ್ತೊಂದು ತಂದಳು. ತಪ್ಪು ತನ್ನದಲ್ಲ, ಯಂತ್ರದ್ದು ಎನ್ನುವ ಮುಖ ಮಾಡಿ ನನ್ನತ್ತ ನೋಡಿದಳು. ವಿವರಿಸೋಣವೆಂದು ಬಾಯಿ ತೆರೆದರೆ ಮಾತಿಗೆ ಬದಲು ಸೀನು ಬಂತು. ಒಂದರ ಹಿಂದೆ ಒಂದು, ಕಣ್ಣಲ್ಲಿ ನೀರು ಬರುವಷ್ಟು.

"ಸರ್, ನೆಗಡಿ ಆಗೇತೇನ್ರಿ?"

ನೆಗಡಿ ಇಲ್ಲ. ಪಕ್ಕದ ಮನೆಯಲ್ಲಿ ಯಾರೂ ಒಗ್ಗರಣೆ ಹಾಕಿರಲಿಲ್ಲ. ನನ್ನ ಮೂಗಿಗೆ ನನಗಿಂತ ಒಳ್ಳೆಯ ಜ್ಞಾಪಕಶಕ್ತಿ ಇದೆ, ಅಷ್ಟೇ. ಈ ತಪ್ಪನ್ನು ನಾನು ಮೊದಲ ಸಲ ಮಾಡಿದ್ದು ರಾಣೇಬೆನ್ನೂರಿನ ಒಂದು ಖಾರ ಕುಟ್ಟುವ ಗಿರಣಿಯಲ್ಲಿ ಕೂತು. ಅಂದಿನಿಂದ ತೊಂಬತ್ತೊಂದು ಕಂಡಲ್ಲೆಲ್ಲ ಮೂಗು ಒಣಮೆಣಸಿನಕಾಯಿಯ ಘಾಟನ್ನು ತಾನೇ ತಯಾರಿಸಿಕೊಳ್ಳುತ್ತದೆ. ಮೂಗು ಒರೆಸಿಕೊಂಡು ಹುಡುಗಿಗೆ ಹೇಳಿದೆ: ವೆಬ್ ಪುಟದ ಮೇಲಿನ ಪೆಟ್ಟಿಗೆಯಲ್ಲಿ ನೀನು ಏನೇ ಬರೆದರೂ ಜಾವಾಸ್ಕ್ರಿಪ್ಟ್ ಅದನ್ನು ಅಕ್ಷರವೆಂದೇ ಎತ್ತಿಕೊಳ್ಳುತ್ತದೆ. ಅಕ್ಷರಕ್ಕೆ ಒಂದು ಕೂಡಿಸು ಎಂದರೆ ಆ ಒಂದನ್ನು ತಂದು ಪಕ್ಕದಲ್ಲಿ ಕೂರಿಸಿ ಕೈ ತೊಳೆದುಕೊಳ್ಳುತ್ತದೆ. ಮೊದಲು ಅದನ್ನು ಅಂಕಿಯಾಗಿ ಬದಲಿಸು, ಆಮೇಲೆ ಕೂಡಿಸು. ಹುಡುಗಿ ಬದಲಿಸಿದಳು, ಹತ್ತು ಬಂತು, ಅವಳ ಕೆಲಸ ಮುಗಿಯಿತು. ನನ್ನದು ಮುಗಿಯಲಿಲ್ಲ. ಉಳಿದ ಪಾಠವೆಲ್ಲ ನಾನು ಹಾವೇರಿಯಲ್ಲಿ ನಿಂತು ರಾಣೇಬೆನ್ನೂರಿನಲ್ಲಿದ್ದೆ.

ಅದು ನಾನು ಬಿಸಿಎ ಕೊನೆಯ ವರ್ಷದಲ್ಲಿದ್ದ ಬೇಸಿಗೆ. ಮೋಟೆಬೆನ್ನೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ಬರುವ ಕಾಲ. ಆ ದಿನಗಳಲ್ಲಿ ಬ್ಯಾಡಗಿ ಕಡೆಯಿಂದ ಬಂದ ಬಸ್ಸು ಹತ್ತಿದರೆ ಯಾರು ಎಲ್ಲಿ ಹತ್ತಿದ್ದಾರೆಂದು ಕೇಳಬೇಕಿಲ್ಲ. ಸೀನುವವರು ಬ್ಯಾಡಗಿಯವರಲ್ಲ, ಸುಮ್ಮನೆ ಕೂತವರು ಬ್ಯಾಡಗಿಯವರು. ನಾನು ಎರಡೂ ಅಲ್ಲದ ಜಾತಿ. ಸೀನುವವರ ಹಾಗೆ ಸೀನಿ ತೋರಿಸುವವನು. ಕಂಡಕ್ಟರ್ ಸೀನುವುದು ಹೇಗೆ, ಸೀರೆ ಸೆರಗು ಹಿಡಿದು ಅಜ್ಜಿ ಸೀನುವುದು ಹೇಗೆ, ನಮ್ಮ ಕಾಲೇಜಿನ ಮೇಷ್ಟ್ರು ಸೀನಿದ ಮೇಲೂ "ಅರ್ಥವಾಯಿತೇ?" ಎಂದು ಕೇಳುವುದು ಹೇಗೆ. ಓದಿನಲ್ಲಿ ಹಿಂದಿದ್ದವನಿಗೆ ಊರಿನ ಗಂಟಲುಗಳೆಲ್ಲ ಬಾಯಿಪಾಠವಾಗಿದ್ದವು. ನನ್ನ ಹೆಸರು ಫಕ್ಕೀರೇಶ. ಮನೆಯಲ್ಲಿ ಫಕ್ಕೀರ, ಕಾಲೇಜಿನಲ್ಲಿ ಇನ್ನೂ ಕೆಟ್ಟ ಹೆಸರುಗಳಿದ್ದವು, ಅವು ಇಲ್ಲಿ ಬೇಡ.

ನನ್ನ ಜೊತೆ ಅದೇ ಜಾವಾಸ್ಕ್ರಿಪ್ಟಿನಲ್ಲಿ ಮುಳುಗುತ್ತಿದ್ದ ಇನ್ನೊಬ್ಬ ದಾದಾಪೀರ. ಅವನಿಗೆ ನನಗಿಂತ ಸ್ವಲ್ಪ ಈಜು ಬರುತ್ತಿತ್ತು. ಹಲಗೇರಿ ರಸ್ತೆಯ ಒಂದು ಓಣಿಯಲ್ಲಿ ಅವರ ಗಿರಣಿ, ಓಣಿಯ ಆಚೆ ಎದುರಿಗೇ ಅವರ ಮನೆ. ನಡುವೆ ಎರಡು ಸೈಕಲ್ ಎದುರುಬದುರಾಗಿ ದಾಟುವಷ್ಟು ಜಾಗ. ಗಿರಣಿ ನಡೆಸುತ್ತಿದ್ದವಳು ಅವನ ತಾಯಿ. ಊರಿಗೆಲ್ಲ ಅವಳು ಅಮ್ಮಿ. ಗಂಡ ತೀರಿಕೊಂಡ ಮೇಲೆ ಯಂತ್ರದ ಹಿಂದಿನ ಕತ್ತಲೆ ಮೂಲೆಯಲ್ಲಿ ಒಂದು ಮಣೆ ಹಾಕಿಕೊಂಡು ಕೂತವಳು ಎದ್ದಿರಲಿಲ್ಲ. ಹೆಂಗಸರು ವರ್ಷದ ಖಾರಕ್ಕೆಂದು ಡಬ್ಬಿ ತುಂಬಿ ತಂದು ಬಾಗಿಲಲ್ಲಿಟ್ಟು ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದರು. ಒಳಗೆಲ್ಲ ಕೆಂಪು ಮಬ್ಬು. ಆ ಮಬ್ಬಿನೊಳಗಿನಿಂದ ಅಮ್ಮಿಯ ದನಿ ಬರುತ್ತಿತ್ತು. ಮುಖ ಕಾಣುತ್ತಿರಲಿಲ್ಲ.

ಅಲ್ಲೊಂದು ರೂಢಿ ಇತ್ತು. ಮೊದಲು ಬಂದವರಿಗೆ ಮೊದಲ ಪಾಳಿ ಅಲ್ಲ. ಯಾಕೆಂದರೆ ಎಷ್ಟು ಜಾಡಿಸಿದರೂ ಯಂತ್ರದ ಹೊಟ್ಟೆಯಲ್ಲಿ ಒಂದು ಹಿಡಿ ಖಾರ ಉಳಿದೇ ಉಳಿಯುತ್ತದೆ, ಅದು ಮುಂದಿನವರ ಡಬ್ಬಿಗೆ ಹೋಗುತ್ತದೆ. ಬರೀ ಬ್ಯಾಡಗಿ ಕಾಯಿ ತಂದವರಿಗೆ ಬೇಕಾದದ್ದು ಬಣ್ಣ. ಗುಂಟೂರು ಕಾಯಿ ಬೆರೆಸಿ ತಂದವರಿಗೆ ಬೇಕಾದದ್ದು ಉರಿ. ಉರಿಯವರ ಹಿಂದೆ ಬಣ್ಣದವರನ್ನು ಬಿಟ್ಟರೆ ಅವರ ವರ್ಷದ ಸಾರು ಕೆಟ್ಟಂತೆ. ಹೀಗಾಗಿ ಅಮ್ಮಿ ಪ್ರತಿ ಡಬ್ಬಿಯಿಂದ ಒಂದು ಕಾಯಿ ಮುರಿದು ಮೂಸಿ, ತಣ್ಣನೆಯದು ಮೊದಲು, ಉರಿಯದ್ದು ಕೊನೆಗೆ ಎಂದು ಸಾಲು ಹಚ್ಚುತ್ತಿದ್ದಳು. ಜಗಳವಾಗುತ್ತಿತ್ತು. ಆದರೂ ಅಮ್ಮಿ ಹಚ್ಚಿದ ಪಾಳಿಯನ್ನು ಯಾರೂ ದಾಟುತ್ತಿರಲಿಲ್ಲ.

ಆ ವರ್ಷ ಅಮ್ಮಿಯ ಎದೆ ಕೈಕೊಟ್ಟಿತು. ಕೆಮ್ಮು ಹತ್ತಿದರೆ ನಿಲ್ಲದು. ಡಾಕ್ಟರು, ಇನ್ನು ಆ ಧೂಳಿನಲ್ಲಿ ಕೂತರೆ ಉಸಿರೇ ನಿಂತೀತು ಎಂದು ಹೇಳಿ ಕಳಿಸಿದರು. ದಾದಾಪೀರ ಮಣೆಯನ್ನು ಎತ್ತಿ ಮನೆಗೆ ತಂದ.

"ಇಲ್ಲೇ ಕಿಟಕಿ ಕಡೆ ಕುಂದ್ರು ಅಮ್ಮಿ. ಒಳಗ ಕಾಲಿಟ್ಟರ ನಾನು ಗಿರಣಿ ಬಂದ್ ಮಾಡ್ತೇನಿ, ಖರೇನ."

"ಬಂದ್ ಮಾಡಿ ಏನ್ ಮಾಡ್ತೀ? ನಿನ್ನ ಕಂಪ್ಯೂಟರ ಕುಟ್ಟಿ ಮಾರ್ತೀಯೇನು?" ಎಂದಳು ಅಮ್ಮಿ. ಆಮೇಲೆ ಗೋಡೆ ನೋಡುತ್ತ, "ನಾನಿಲ್ಲ ಅಂತ ಗೊತ್ತಾದ್ರ ಮಂದಿ ಬಸ್‌ಸ್ಟ್ಯಾಂಡ್ ಕಡೀ ಗಿರಣಿಗೆ ಹೊಕ್ಕಾರ. ಇದೊಂದ ಹಂಗಾಮು ಮಂದಿ ತಪ್ಪಿದ್ರ, ಮತ್ತ ತಿರುಗಿ ಬರಂಗಿಲ್ಲ."

ಅವಳ ಭಯ ಗಿರಾಕಿಯದ್ದು ಮಾತ್ರವಾಗಿರಲಿಲ್ಲ. ಆ ಮಣೆ ಬಿಟ್ಟರೆ ಅಮ್ಮಿಗೆ ಊರಿನಲ್ಲಿ ಬೇರೆ ಜಾಗವಿರಲಿಲ್ಲ. ಇದನ್ನು ಅವಳು ಹೇಳಲಿಲ್ಲ, ನಮಗಾಗ ಹೊಳೆಯಲೂ ಇಲ್ಲ. ನಮಗೆ ಹೊಳೆದದ್ದು ಕಾಲೇಜಿನ ಪ್ರಾಜೆಕ್ಟು. ಅಮ್ಮಿ ಮನೆಯಲ್ಲೇ ಕೂತು ಪ್ರತಿ ಕಾಯಿಗೆ ಒಂದು ಅಂಕಿ ಕೊಡುವುದು, ನಮ್ಮ ಪುಟ ಆ ಅಂಕಿ ನೋಡಿ ಪಾಳಿ ಹಚ್ಚುವುದು, ಗಿರಣಿಯ ಬಾಗಿಲಿಗೆ ಒಂದು ಹಳೆಯ ಮಾನಿಟರ್ ತೂಗುಹಾಕಿ ಹೆಸರು ತೋರಿಸುವುದು. ಎರಡು ಹಕ್ಕಿಗೆ ಒಂದೇ ಬಲೆ ಎಂದು ನಾವು ಬೀಗಿದೆವು.

"ಖಾರಕ್ಕ ನಂಬರ ಕೊಡಾಕ ಅದೇನು ಎಸ್ಸೆಸ್ಸೆಲ್ಸಿ ಬರದೈತೇನು?" ಎಂದು ಅಮ್ಮಿ ನಕ್ಕಳು. ಆಮೇಲೆ ನನ್ನ ಕಡೆ ತಿರುಗಿದಳು. "ಏ ಫಕ್ಕೀರ, ಊರಮಂದೀದೆಲ್ಲಾ ದನಿ ತಗೀತೀಯಂತ. ನಂದು ತಗೀ ನೋಡೋಣು."

"ಎದುರಿಗೆ ಮಾಡಾಕ ನಾಚಿಕಿ ಬರ್ತೈತಿ ಅಮ್ಮಿ."

"ಹಿಂದ ಮಾಡುವಾಗ ಬರಲಿಲ್ಲೇನು?"

ಸಿಕ್ಕಿಬಿದ್ದವನು ಕಣ್ಣು ಮುಚ್ಚಿ, ಟವೆಲನ್ನು ಮೂಗಿಗೆ ಸುತ್ತಿ ಕೂಗಿದೆ: "ಯಾರದವಾ ಈ ಡಬ್ಬಿ, ಬಾಯಿ ತಗದ ಕುಂತೈತಿ. ಮುಚ್ಚಳಾ ಮನ್ಯಾಗ ಬಿಟ್ಟ ಬಂದೀಯೇನು?"

ದಾದಾಪೀರ ಅಭ್ಯಾಸಬಲದಿಂದ ಮುಚ್ಚಳ ಹುಡುಕಲು ಹೊರಟ. ಅಮ್ಮಿ ನನ್ನ ಮುಖದ ಟವೆಲು ಎಳೆದಳು.

"ನಾನು ಇಷ್ಟ ಕೆಟ್ಟ ಒದರ್ತೇನೇನು?"

"ಇದರಕಿಂತಾ ಜೋರು" ಎಂದ ಮಗ.

ಹೀಗೆ ಅಮ್ಮಿಯ ಅಪ್ಪಣೆಯ ಮೇಲೆ ನಾನು ಅಮ್ಮಿಯಾದೆ. ಕಾಲೇಜು ಬಿಟ್ಟ ಮೇಲೆ ಮಬ್ಬಿನೊಳಗಿನ ಮೂಲೆಯಲ್ಲಿ ನಾನು. ಯಂತ್ರದ ಮುಂದೆ ದಾದಾಪೀರ. ಓಣಿಯಾಚೆ ಕಿಟಕಿಯ ಪರದೆಯ ಹಿಂದೆ ನಿಜವಾದ ಅಮ್ಮಿ. ಡಬ್ಬಿ ಬಂದ ಕೂಡಲೇ ದಾದಾಪೀರ ಒಂದು ಕಾಯಿ ಜೇಬಿಗಿಳಿಸಿ, ನೀರು ಕುಡಿದು ಬರುವ ನೆಪದಲ್ಲಿ ಮನೆಗೆ ಹೋಗಿ ಬರುತ್ತಿದ್ದ. ಆ ಬೇಸಿಗೆ ಅವನು ಕುಡಿದಷ್ಟು ನೀರನ್ನು ಎಮ್ಮೆಯೂ ಕುಡಿದಿರಲಾರದು ಎಂದು ಬೆಂಚಿನವರು ಆಡಿಕೊಂಡರು.

ಪುಟ ಒಮ್ಮೆಗೇ ಮಾತು ಕೇಳಲಿಲ್ಲ. ಒಂಬತ್ತನೇ ಪಾಳಿಯ ನಂತರ ತೊಂಬತ್ತೊಂದು ಬಂದದ್ದು ಮೊದಲ ದಿನವೇ. ಹತ್ತನೆಯವಳಾಗಿ ಬಂದ ಒಬ್ಬ ಹೆಂಗಸು ಆ ನಂಬರು ಕಂಡು, ಅಷ್ಟು ಮಂದಿ ಮುಗಿಯುವುದರೊಳಗೆ ಯುಗಾದಿ ಬರುತ್ತದೆಂದು ಡಬ್ಬಿ ಎತ್ತಿಕೊಂಡು ಹೊರಟಿದ್ದಳು. ದಾದಾಪೀರ ಓಣಿಯ ತುದಿಯವರೆಗೆ ಓಡಿ ಕರೆತಂದ. ಪಾಳಿಯ ನಂಬರನ್ನು ಅಂಕಿಯಾಗಿ ಬದಲಿಸಿದೆವು, ಅದು ಗುಣವಾಯಿತು. ಹೆಸರುಗಳ ಪಾಡು ಇನ್ನೊಂದು. ಪೆಟ್ಟಿಗೆ ಚಿಕ್ಕದೆಂದು ಪ್ರತಿ ಹೆಸರನ್ನು ಏಳು ಅಕ್ಷರಕ್ಕೆ ಕತ್ತರಿಸು ಎಂದು ಬರೆದಿದ್ದೆವು. ಏಳು ಅಕ್ಷರಕ್ಕಿಂತ ಉದ್ದದ ಹೆಸರು ನಮ್ಮ ಕಡೆ ಯಾರಿಟ್ಟುಕೊಳ್ಳುತ್ತಾರೆ? ಆದರೆ ನಾವು ಒಂದೆಂದು ಎಣಿಸುವುದನ್ನು ಯಂತ್ರ ಬಿಡಿಸಿ ಎಣಿಸುತ್ತದೆ: ಅಕ್ಷರ ಬೇರೆ, ಅದರ ಗುಡಿಸು ಬೇರೆ, ಒತ್ತಕ್ಷರ ಇದ್ದರೆ ಅದನ್ನು ಇನ್ನೂ ಬಿಡಿಸುತ್ತದೆ. ಪರೀಕ್ಷೆಗೆಂದು ನನ್ನ ಹೆಸರು ಹಾಕಿದರೆ ‘ಫಕ್ಕೀರೇ’ ಎಂದು, ಯಾರೋ ಹೊಲದಾಚೆಯಿಂದ ಕೂಗಿದಂತೆ ಬಂತು. ಹಲಗೇರಿಯ ಗಿರಿಜವ್ವ ಹಳೆಯ ಗಿರಾಕಿ, ಬಾಯಿ ಜೋರು. ಅವಳು ಪರದೆಯ ಮೇಲೆ ‘ಗಿರಿಜವ್’ ಎಂದು ಕಂಡು ಸೊಂಟಕ್ಕೆ ಕೈಯಿಟ್ಟಳು.

"ಏನೋ ದಾದಾ, ನನ್ನ ಹೆಸರು ಅರ್ಧಾಕ್ಕ ನಿಂತೈತಲ್ಲೋ. ಉಳಿದದ್ದು ಯಾರ ಮನಿಗೆ ಕೊಟ್ಟಿ?"

ಮೂಲೆಯಿಂದ ನಾನು ಅಮ್ಮಿಯ ದನಿಯಲ್ಲಿ, "ಉಳಿದದ್ದು ಖಾರದಾಗ ಬರ್ತೈತಿ, ಕುಂದ್ರವಾ" ಎಂದೆ. ಬೆಂಚು ಬೆಂಚೇ ನಕ್ಕಿತು. ಏನೇನೋ ಉಪಾಯ ಓದಿ ಕೊನೆಗೆ ಕತ್ತರಿಸುವುದನ್ನೇ ಬಿಟ್ಟೆವು. ಹೆಸರು ಎರಡನೇ ಸಾಲಿಗೆ ಹೋದರೆ ಹೋಗಲಿ, ಕಾಲು ಮುರಿಯುವುದು ಬೇಡ.

ಆಮೇಲಿನ ದಿನಗಳು ಸಲೀಸು. ಮಧ್ಯಾಹ್ನದ ಬಿಸಿಲಿಗೆ ಓಣಿಯ ಕಲ್ಲು ಕಾದು, ಮೇಲೆ ಹಾರಿ ಬಂದ ಖಾರದ ಪುಡಿ ಸಣ್ಣಗೆ ಹುರಿದ ವಾಸನೆ ಕೊಡುತ್ತಿತ್ತು. ನನ್ನ ರೆಪ್ಪೆ, ಕಿವಿಯ ಸಂದು, ಅಂಗಿಯ ಕಾಲರು ಎಲ್ಲ ಕೆಂಪು. ಅಮ್ಮಿ ಅಂಕಿ ಕೊಡುವುದಕ್ಕೆ ಒಗ್ಗಿಕೊಂಡಳು, ಒಗ್ಗಿದ್ದೇನು, ಕಟ್ಟುನಿಟ್ಟಿನ ಪರೀಕ್ಷಕಿಯೇ ಆದಳು. ಎರಡು, ಮೂರು, ಬಹಳವೆಂದರೆ ಎಂಟು. ಹತ್ತು ಮಾತ್ರ ಕೊಡಳು. "ಹತ್ತು ಅಂದ್ರ ತಿಂದಾವ ಎದ್ದ ನಿಂದ್ರಬಾರದು" ಎನ್ನುತ್ತಿದ್ದಳು.

ಸಂಜೆ ಕೈಕಾಲು ತೊಳೆದು ನಾನು ಚಹಾಕ್ಕೆ ಕೂತಾಗ ಕೇಳುತ್ತಿದ್ದಳು, "ಇವತ್ತ ಯಾರರ ನನ್ನ ಕೇಳಿದ್ರೇನು?"

"ಒಬ್ಬರಿಗೂ ಗೊತ್ತಾಗಿಲ್ಲ ಅಮ್ಮಿ" ಎನ್ನುತ್ತಿದ್ದೆ ನಾನು, ಎದೆಯುಬ್ಬಿಸಿ. ಕಲಾವಿದನಿಗೆ ಇದಕ್ಕಿಂತ ದೊಡ್ಡ ಸನ್ಮಾನ ಯಾವುದು?

"ಹ್ಞಾಂ. ಚಲೋ ಆತು" ಎಂದು ಕಪ್ಪು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ದಿನವೂ ಅದೇ ಪ್ರಶ್ನೆ. ಕೆಮ್ಮು ಕಡಿಮೆಯಾಗಿತ್ತು, ಮಾತೂ ಕಡಿಮೆಯಾಗಿತ್ತು. ನಾವು ಮೊದಲನೆಯದನ್ನು ಮಾತ್ರ ಗಮನಿಸಿದೆವು.

ಒಂದು ಶುಕ್ರವಾರ ಗಿರಿಜವ್ವ ಚಿಕ್ಕ ಡಬ್ಬಿ ತಂದಳು. ಮಗಳು ಬಾಣಂತನಕ್ಕೆ ಬಂದಿದ್ದಳು. ಅವಳ ಸಾರಿಗೆ ಬೇಕಾದ ತಣ್ಣನೆಯ ಖಾರ. ತೊಟ್ಟು ಬಿಡಿಸಿ, ಬೀಜ ಉದುರಿಸಿ, ಅಪ್ಪಟ ಬ್ಯಾಡಗಿ ಕಾಯಿ. ಅಮ್ಮಿ ಎರಡು ಕೊಟ್ಟಳು. ಅದೇ ಹೊತ್ತಿಗೆ ಹೆದ್ದಾರಿಯ ಖಾನಾವಳಿಯವನೊಬ್ಬ ಚೀಲ ಇಳಿಸಿದ. ದಾದಾಪೀರ ಒಯ್ದ ಕಾಯಿಯನ್ನು ಮುರಿದವಳೇ ಅಮ್ಮಿ ಮುಖ ಹಿಂದಕ್ಕೆಳೆದು, "ಇದಕ್ಕ ಹತ್ತು ಹಾಕು" ಎಂದಳಂತೆ. ಆ ಹಂಗಾಮಿನ ಮೊದಲ ಹತ್ತು. ಅಷ್ಟು ಹೇಳಿ ಅಮ್ಮಿ ನಮಾಜಿಗೆ ಒಳಗೆ ಹೋದಳು.

ಪುಟ ಪಾಳಿ ಹಚ್ಚಿತು: ಮೊದಲು ಖಾನಾವಳಿ, ಹಿಂದೆ ಗಿರಿಜವ್ವ. ನಾವು ಪರದೆಯನ್ನು ನಂಬಿದೆವು. ಪಾಳಿಯ ನಂಬರಿಗೆ ಮಾಡಿದ ಉಪಚಾರವನ್ನು ಖಾರದ ಅಂಕಿಗೆ ಮಾಡಿಯೇ ಇರಲಿಲ್ಲ. ಅದು ಪೆಟ್ಟಿಗೆಯಿಂದ ಅಕ್ಷರವಾಗಿ ಬಂದು ಅಕ್ಷರವಾಗಿಯೇ ಉಳಿದಿತ್ತು. ಅಕ್ಷರಗಳನ್ನು ಜಾವಾಸ್ಕ್ರಿಪ್ಟ್ ನಿಘಂಟಿನವರ ಹಾಗೆ ಮೊದಲ ಅಕ್ಷರ ನೋಡಿ ಹೋಲಿಸುತ್ತದೆ. ಹತ್ತರ ಮೊದಲಿಗೆ ಒಂದಿದೆ, ಒಂದು ಎರಡಕ್ಕಿಂತ ಚಿಕ್ಕದು, ಆದ್ದರಿಂದ ಹತ್ತು ಎರಡಕ್ಕಿಂತ ತಣ್ಣಗೆ. ಒಂದೇ ಅಂಕಿಯ ನಂಬರುಗಳಿದ್ದಷ್ಟು ದಿನ ಈ ರೋಗ ಮುಖ ತೋರಿಸಿರಲಿಲ್ಲ.

"ಗಿರಿಜವ್ವಾ, ನಿಂದ ಪಾಳಿ, ಲಗೂ ಬಾ" ಎಂದು ಮಬ್ಬಿನಿಂದ ಕೂಗಿದೆ. ಅವಳ ಖಾರ ಬಿದ್ದು ಮುಗಿಯಿತು. ಅವಳು ಬೆರಳ ತುದಿಯಲ್ಲಿ ಮುಟ್ಟಿ ನಾಲಿಗೆಗೆ ಹಚ್ಚಿಕೊಂಡಳು. ಮುಖವೆಲ್ಲ ಬೆವತಿತು.

"ಅಮ್ಮೀ, ಏನ ಮಾಡಿಟ್ಟಿ ಇದು? ಹಸೀ ಬಾಣಂತಿಗೆ ಒಯ್ಯೂ ಖಾರ. ಯಾರ ಹಿಂದ ಬಿಟ್ಟಿ ನನ್ನ?"

ಮೂಲೆಯಲ್ಲಿ ನಾನು ಟವೆಲನ್ನು ಇನ್ನಷ್ಟು ಬಿಗಿದುಕೊಂಡೆ.

"ನಾನು ಮದಿವ್ಯಾಗಿ ಬಂದಾಗಿಂದ ನಿನ್ನ ಕೈಗೇ ಕೊಟ್ಟೇನಿ. ಆಗಂಗಿಲ್ಲಂದ್ರ ಆಗಂಗಿಲ್ಲ ಅನ್ನು. ಮೂಗು ಸತ್ತ ಮ್ಯಾಲೆ ಸುಮ್ನ ಯಾಕ ಕುಂತು ಮಂದಿ ಖಾರ ಕೆಡಸ್ತಿ? ಬಾಯಾಗ ಏನಿಟಗೊಂಡಿ? ಮಾತಾಡು."

ಮಾತಾಡಬೇಕಾದವನು ನಾನು. ಅಮ್ಮಿಯ ದನಿಯಲ್ಲಿ ತಪ್ಪೊಪ್ಪಿದರೆ ತಪ್ಪು ಅವಳದಾಗುತ್ತದೆ; ನನ್ನ ದನಿ ತೆಗೆದರೆ ಗುಟ್ಟು ಬಯಲಾಗುತ್ತದೆ. ಊರಿನ ಅಷ್ಟೂ ಗಂಟಲು ಇಟ್ಟುಕೊಂಡವನಿಗೆ ಆ ಗಳಿಗೆಗೆ ಒಂದೂ ಒದಗಲಿಲ್ಲ.

ಆಗ ಎದುರಿನ ಮನೆಯ ಬಾಗಿಲು ತೆರೆಯಿತು. ಅಮ್ಮಿ ತಲೆಯ ಮೇಲೆ ಸೆರಗೆಳೆದುಕೊಂಡು ಓಣಿ ದಾಟಿ ಬಂದಳು. ಬೆಂಚಿನವರು ಅವಳನ್ನು ನೋಡಿದರು, ಗಿರಣಿಯ ಬಾಗಿಲು ನೋಡಿದರು, ಮತ್ತೆ ಅವಳನ್ನು ನೋಡಿದರು.

"ಅಮ್ಮಿ ಇಲ್ಲೇ ಅದಾಳ. ಮತ್ತ ಒಳಗಿರೂದು ಯಾರು?" ಎಂದರು ಯಾರೋ.

ಟವೆಲು ಸುತ್ತಿದ ಕೆಂಪು ಮುಖ ಹೊತ್ತು ನಾನು ಹೊರಗೆ ಬಂದೆ. ಒಬ್ಬಿಬ್ಬರು ನಕ್ಕರು. ಗಿರಿಜವ್ವ ನಗಲಿಲ್ಲ.

"ಮತ್ತ ನಾನು ಇಷ್ಟೊತ್ತನಾ ಬೈದಿದ್ದು ಯಾರಿಗೆ?"

"ನನಗ ಬಿಡವಾ. ಎಲ್ಲಾ ಕೇಳಿಸ್ತು" ಎಂದಳು ಅಮ್ಮಿ. ಅಷ್ಟರಲ್ಲಿ ಕೆಮ್ಮು ಹಿಡಿಯಿತು. ದಾದಾಪೀರ ಯಂತ್ರ ನಿಲ್ಲಿಸಿ ಓಡಿಬಂದ. ಅವನ ಕೈ ಸರಿಸಿ, ಉಸಿರು ಹತೋಟಿಗೆ ಬರುವವರೆಗೆ ಬೆಂಚು ಹಿಡಿದು ನಿಂತಳು. ಮನೆಗೆ ಹೋಗಿ ತನ್ನ ಅಡುಗೆಮನೆಯ ಖಾರದ ಡಬ್ಬಿಯನ್ನೇ ತಂದು ಗಿರಿಜವ್ವನ ಕೈಗಿಟ್ಟಳು. "ಇದು ನಮ್ಮನೀದು. ಬರೀ ಬ್ಯಾಡಗಿ ಕಾಯಿ, ಹಂಗಾಮಿನ ಮೊದಲನೇದು. ಮಗಳಿಗೆ ಇದನ್ನ ಹಾಕು. ಅದನ್ನ ಇಲ್ಲಿಡು, ನಾವು ತಿಂತೇವಿ."

ಗಿರಿಜವ್ವ ಡಬ್ಬಿ ತೆಗೆದುಕೊಂಡು ಹೋದಳು. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಮನೆಯೊಳಗೆ ನಾವಿಬ್ಬರೂ ತಪ್ಪು ಎಲ್ಲಿತ್ತು, ಹತ್ತು ಹೇಗೆ ಎರಡಕ್ಕಿಂತ ಚಿಕ್ಕದಾಯಿತು ಎಂದು ಪೈಪೋಟಿಯ ಮೇಲೆ ವಿವರಿಸಿದೆವು. ಅಮ್ಮಿ ಕೇಳುತ್ತಿರಲಿಲ್ಲ.

"ಇಷ್ಟು ದಿನಾ ಒಬ್ಬಾಕೀಗೂ ಗೊತ್ತಾಗಲಿಲ್ಲಲ್ಲೋ" ಎಂದಳು, ಯಾರನ್ನೂ ನೋಡದೆ. ಆಮೇಲೆ ನನಗೆ, "ನಾಳಿಂದ ನನ್ನ ದನಿ ತಗೀಬ್ಯಾಡ."

"ಮಂದಿ ಬರದಿದ್ರ, ಅಮ್ಮಿ?" ಎಂದ ದಾದಾಪೀರ.

"ಬರದಿದ್ರ ಬರವಲ್ಲರ್ಯಾಕ. ನಾನಿಲ್ಲ ಅಂತ ಗೊತ್ತಾಗಿ ಬರಲಿಲ್ಲಂದ್ರ, ಅದೂ ಒಂದ ಮರ್ಯಾದಿನ."

ಮರುದಿನ ನನ್ನ ದನಿಯಲ್ಲೇ ಪಾಳಿ ಕೂಗಿದೆ. ನನ್ನ ದನಿ ಯಾವುದೆಂದು ನನಗೂ ಮರೆತಿತ್ತು. ಅರ್ಧ ಮೇಷ್ಟ್ರು, ಅರ್ಧ ಕಂಡಕ್ಟರ್ ಆಗಿ ಹೊರಬಿತ್ತು. ಬೆಂಚಿನ ಮೇಲೆ ಇಬ್ಬರೇ ಇದ್ದರು. ಖಾನಾವಳಿಯವನಂತೂ ಬಂದು ಜಗಳ ತೆಗೆದ, ತನ್ನ ಖಾರ ಇದೇ ಮೊದಲ ಸಲ ಸರಿಯಾಗಿ ಬಿದ್ದಿತ್ತಂತೆ, ಇನ್ನು ಮುಂದೆಯೂ ತನಗೇ ಮೊದಲ ಪಾಳಿ ಕೊಡಬೇಕಂತೆ. ಮಧ್ಯಾಹ್ನ ಹಲಗೇರಿಯ ಟಂಟಂ ಆಟೋ ಓಣಿಯ ಬಾಯಲ್ಲಿ ನಿಂತಿತು. ಇಳಿದವಳು ಗಿರಿಜವ್ವ. ಕೈಯಲ್ಲಿ ಮೆಣಸಿನಕಾಯಿ ಇರಲಿಲ್ಲ. ಬಾಣಂತಿಗೆಂದು ಕಟ್ಟಿದ ಅಂಟಿನುಂಡಿಯ ಬುಟ್ಟಿ ಇತ್ತು. ಗಿರಣಿಯ ಕಡೆ ತಿರುಗಿಯೂ ನೋಡದೆ ಅಮ್ಮಿಯ ಮನೆಯ ಕಟ್ಟೆ ಹತ್ತಿದಳು.

"ಎದೀಗೆ ಚಲೋ, ತಿನ್ನು" ಎಂದಳು. "ಆರಾಮಿಲ್ಲ ಅಂತ ಒಂದ ಮಾತು ಹೇಳಿದ್ರ ಬಾಯಿ ಸವೀತಿತ್ತೇನು? ಆ ಬೋಳಿಮಗನ ದನಿ ಕೇಳ್ಕೋತ ಕುಂತಿದ್ನಿ ನಾನು."

ಬೋಳಿಮಗ ಮೂಲೆಯಲ್ಲಿ ನಿಂತು ಕೇಳಿಸಿಕೊಂಡ.

ಆಮೇಲೆ ಬೆಂಚಿನವರು ಒಬ್ಬೊಬ್ಬರೇ ಓಣಿ ದಾಟಿದರು. ಡಬ್ಬಿಗಳೂ ದಾಟಿದವು. ಕಿಟಕಿಯ ಪರದೆ ಸರಿಯಿತು, ಕಟ್ಟೆಯ ಮೇಲೆ ಮಣೆ ಬಂತು. ಕಾಯಿ ಅವಳ ಕೈಯಲ್ಲೇ ಮುರಿದು, ಅವಳ ಬಾಯಿಂದಲೇ ಅಂಕಿ ಬಂದು, ನಮ್ಮ ಪುಟ ಈಗ ಹತ್ತನ್ನು ಹತ್ತೆಂದೇ ತಿಳಿದು ಸರಿಯಾಗಿ ಪಾಳಿ ಹಚ್ಚುತ್ತಿತ್ತು. ಆದರೂ ಹೆಂಗಸರು ಮಾನಿಟರಿಗೆ ಬೆನ್ನು ಹಾಕಿ ಕೂತು ಅಮ್ಮಿಯನ್ನೇ ಕೇಳುವರು, ನಂದು ಯಾವಾಗ ಎಂದು.

"ಬೋರ್ಡಿನ್ಯಾಗ ಐತಿ ನೋಡವಾ."

"ಬೋರ್ಡಿಗೆ ಕೇಳಿಲ್ಲ, ನಿನಗ ಕೇಳೇನಿ."

ಆ ಬೇಸಿಗೆಯ ಉಳಿದ ದಿನಗಳನ್ನು ನಾನು ಏನು ಕೊಟ್ಟು ತಿರುಗಿ ತರಲಿ? ಗಿರಿಜವ್ವನ ಆ ಕೆಟ್ಟ ಖಾರದ ಚಟ್ನಿಯನ್ನು ರೊಟ್ಟಿಗೆ ಹಚ್ಚಿ, ಮೂವರೂ ಕಣ್ಣೀರು ಸುರಿಸುತ್ತ, ಯಾರು ಮೊದಲು ನೀರು ಕುಡಿಯುತ್ತಾರೆಂದು ಪಂದ್ಯ ಕಟ್ಟಿದ್ದು. ಪ್ರತಿ ಸಲವೂ ನಾನೇ ಸೋತದ್ದು. ಮೊದಲ ಮಳೆ ಬಿದ್ದ ಸಂಜೆ ಓಣಿಯಲ್ಲಿ ಕೆಂಪು ನೀರು ಹರಿದು, ಮಣ್ಣಿನ ವಾಸನೆಯೂ ಘಾಟಾಗಿ ಎಲ್ಲರೂ ಒಟ್ಟಿಗೆ ಸೀನಿದ್ದು. ಪ್ರಾಜೆಕ್ಟು ಪಾಸಾಯಿತು. ಮೇಷ್ಟ್ರು ಪುಟದಲ್ಲಿದ್ದ ‘ಖಾರ’ ಎಂಬ ಕಾಲಮಿಗೆ ಅರ್ಥ ಕೇಳಿ, ಉತ್ತರ ಕೇಳಿ, ಸೀನಿದರು.

ಮರುವರ್ಷ ಕಟ್ಟೆಯವರೆಗೆ ಬರುವ ಧೂಳೂ ಅಮ್ಮಿಗೆ ತಡೆಯದಾಯಿತು. ಹಾವೇರಿಯಲ್ಲಿದ್ದ ಹಿರಿಯ ಮಗಳು ಬಂದು ಕರೆದೊಯ್ದಳು. ದಾದಾಪೀರ ಗಿರಣಿ ನಡೆಸುತ್ತಿದ್ದಾನೆ, ಪುಟವೂ ನಡೆಯುತ್ತಿದೆ, ಕಾಯಿಗೆ ಈಗ ಅವನೇ ಅಂಕಿ ಕೊಡುತ್ತಾನೆ. ಹತ್ತನ್ನು ಅವನು ಧಾರಾಳವಾಗಿ ಹಂಚುತ್ತಾನೆಂದು ಗಿರಿಜವ್ವನ ದೂರು.

ಮೊನ್ನೆ ಕ್ಲಾಸು ಮುಗಿದ ಮೇಲೆ ನೇರ ಅಮ್ಮಿಯ ಹತ್ತಿರ ಹೋದೆ. ಮಗಳ ಮನೆಯ ಓಣಿ ಸ್ವಚ್ಛ, ಯಾವ ವಾಸನೆಯೂ ಇಲ್ಲ. ಕಿಟಕಿಯ ಬಳಿ ಕೂತಿದ್ದಳು. ದನಿ ಈಗ ತೆಳ್ಳಗಾಗಿದೆ, ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಾಳೆ. ರಾಣೇಬೆನ್ನೂರಿಗೆ ಹೋಗಿದ್ದೆಯಾ, ಗಿರಿಜವ್ವನ ಮೊಮ್ಮಗು ಎಷ್ಟೆತ್ತರವಾಗಿದೆ, ಎಲ್ಲ ಕೇಳಿದಳು. ಹೇಳಿದೆ. ಹೇಳಿ ಮುಗಿದರೂ ಅವಳಿಗೆ ಸಾಲಲಿಲ್ಲ.

"ಗಿರಣಿ ಚಾಲೂ ಮಾಡು" ಎಂದಳು.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಗಂಟಲಲ್ಲೇ ಚಾಲೂ ಮಾಡಿದೆ. ಮೊದಲು ಮೋಟರಿನ ಗುಂಯ್. ಮೇಲೆ ಯಂತ್ರದ ಬಡಿತ. ಬೆಂಚಿನ ಮೇಲೆ ಇಬ್ಬರು ಹೆಂಗಸರ ಸೊಸೆಪುರಾಣ. ನೀರು ಕುಡಿಯಲು ಓಡುವ ದಾದಾಪೀರನ ಚಪ್ಪಲಿ. ಟಂಟಂನಿಂದ ಇಳಿಯುತ್ತಲೇ ಜಗಳ ಶುರುಮಾಡುವ ಗಿರಿಜವ್ವ: ನಂದಿನ್ನೂ ಬಂದಿಲ್ಲೇನು, ನನ್ನ ಹಿಂದ ಬಂದಾಕಿ ಮನಿಗೆ ಹೋಗಿ ರೊಟ್ಟಿ ಬಡ್ಯಾಕತ್ತಾಳ. ಅಮ್ಮಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಇನ್ನು ಮಬ್ಬಿನಿಂದ ಅವಳ ದನಿ ಬರಬೇಕು. ನಾನು ಯಂತ್ರದ ಬಡಿತವನ್ನು ಹಾಗೇ ನಡೆಸುತ್ತ ಆ ಜಾಗ ಖಾಲಿ ಬಿಟ್ಟೆ.

ಅಮ್ಮಿ ಉಸಿರು ಎಳೆದುಕೊಂಡಳು. "ಬಾ ಗಿರಿಜವ್ವಾ" ಎಂದು ಕೂಗಿದಳು, ಆದಷ್ಟು ಗಟ್ಟಿಯಾಗಿ. "ನಿಂದ ಪಾಳಿ ಬಂತು."

"ಬಂದ್ನಿ ಅಮ್ಮಿ" ಎಂದೆ ಗಿರಿಜವ್ವನಾಗಿ. "ಒದರಬ್ಯಾಡ, ಬಂದ್ನಿ."